‘ಗಟ್ಟಿ’ ಎಂಬ ಒಂದು ಪದದ ಬಗ್ಗೆ

ಪ್ರಿಯ ಲೇಖಕರೇ,

ಬ್ಯಾಕ್ಟೀರಿಯಾದ ಕ್ಯಾಪ್ಸೂಲ್ (ಕೋಶವನ್ನು ಹೊರಗಿನಿಂದ ಸುತ್ತಿರುವ ಹೊದಿಕೆ) ಮತ್ತು ಲೋಳೆ ಪದರದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ. ನ್ಯುಮೋನಿಯಾ ತರುವ ನ್ಯೂಮೋಕಾಕಸ್ ಬ್ಯಾಕ್ಟೀರಿಯಾವನ್ನು ಇಲಿಗಳಿಗೆ ಚುಚ್ಚಿ ನೋಡಿದ 1928ರ ಗ್ರಿಫಿತ್ ಪ್ರಯೋಗವನ್ನು ಎಲ್ಲೂ ತಡವರಿಸದೆ ಹೇಳಿದ್ದೀರಿ. ಆದರೆ ಎರಡನೇ ಪ್ಯಾರಾದ ಒಂದು ವಾಕ್ಯ ದಾಟಿ ಮುಂದೆ ಹೋಗಲು ನನಗೆ ಆಗುತ್ತಿಲ್ಲ: “ಕರ್ಣನ ಕವಚದಂತೆ ಈ ಗಟ್ಟಿ ಪದರ ಬ್ಯಾಕ್ಟೀರಿಯಾವನ್ನು ಎಲ್ಲ ದಾಳಿಗಳಿಂದ ಕಾಪಾಡುತ್ತದೆ.”

‘ಗಟ್ಟಿ’ ತಪ್ಪು. ಕ್ಯಾಪ್ಸೂಲಿನ ಬಹುಪಾಲು ನೀರು. ಸಕ್ಕರೆ ಅಣುಗಳ ಉದ್ದುದ್ದ ಸರಪಳಿಗಳು ಆ ನೀರನ್ನು ಹಿಡಿದಿಟ್ಟುಕೊಂಡಿರುತ್ತವೆ.

‘ಎಲ್ಲ ದಾಳಿ’ಯೂ ತಪ್ಪು. ನ್ಯೂಮೋಕಾಕಸ್ ಒಳಹೊಕ್ಕಾಗ ರಕ್ತದ ಸಿ3ಬಿ ಪ್ರೋಟೀನ್ ಅದರ ಕೋಶಭಿತ್ತಿಗೆ ಅಂಟಿಕೊಳ್ಳುತ್ತದೆ. ಬಿಳಿ ರಕ್ತಕಣ ಹಿಡಿಯಬೇಕಾದ ಹಿಡಿಕೆಯೇ ಅದು. ಆದರೆ ಹಿಡಿಕೆ ಕ್ಯಾಪ್ಸೂಲಿನ ಅಡಿಯಲ್ಲಿ ಹೂತಿರುತ್ತದೆ, ಕಣಕ್ಕೆ ಎಟಕುವುದಿಲ್ಲ. ಅದೇ ಕ್ಯಾಪ್ಸೂಲಿನ ವಿರುದ್ಧ ದೇಹದಲ್ಲಿ ಪ್ರತಿಕಾಯ ಹುಟ್ಟಿತೆನ್ನಿ, ಹಿಡಿಕೆ ಹೊರಮೈಗೇ ಬಂದು ಕೂರುತ್ತದೆ, ಕಣ ನುಂಗಿಬಿಡುತ್ತದೆ. ನ್ಯೂಮೋಕಾಕಸ್ ಲಸಿಕೆ ನಿಂತಿರುವುದೇ ಇದರ ಮೇಲೆ. ಇನ್ನು ಗ್ರಿಫಿತ್ ಬಳಸಿದ ಒರಟು ತಳಿಗೆ ಕ್ಯಾಪ್ಸೂಲೇ ಇಲ್ಲ. ಪೋಷಕ ಮಾಧ್ಯಮದಲ್ಲಿ ಅದು ಚೆನ್ನಾಗಿಯೇ ಬೆಳೆಯುತ್ತದೆ, ಸೋಲುವುದು ಇಲಿಯ ಮೈಯೊಳಗೆ. ಆ ಪ್ರಯೋಗವನ್ನು ಬರೆದ ಕೈಯೇ ಕರ್ಣನನ್ನು ತಂದದ್ದು ನನಗೆ ಬೇಸರ ತಂದಿತು.

ಆ ಉಪಮೆ ಅಲ್ಲಿಗೇ ನಿಂತಿದ್ದರೆ ಒಂದು ಗೆರೆ ಎಳೆದು ಸುಮ್ಮನಾಗುತ್ತಿದ್ದೆ. ಪದರ ಗಟ್ಟಿ ಎಂದು ನಂಬಿದ್ದರಿಂದಲೇ ಸೂಕ್ಷ್ಮದರ್ಶಕದಲ್ಲಿ ಕ್ಯಾಪ್ಸೂಲ್ ಕಾಣಲು ನೀವು ಕೊಟ್ಟ ಬಣ್ಣ ಹಾಕುವ ಕ್ರಮವೂ ಕೆಟ್ಟಿದೆ.

“ಸ್ಲೈಡನ್ನು ಜ್ವಾಲೆಯ ಮೇಲೆ ಹಾಯಿಸಿ.” ಬೇಡವೇ ಬೇಡ. ಬಿಸಿಗೆ ಕೋಶ ಕುಗ್ಗುತ್ತದೆ, ಸುತ್ತ ಖಾಲಿ ಜಾಗ ಬಿಡುತ್ತದೆ. ಕ್ಯಾಪ್ಸೂಲ್ ಇಲ್ಲದ ಬ್ಯಾಕ್ಟೀರಿಯಾಕ್ಕೂ ಕ್ಯಾಪ್ಸೂಲ್ ಇದ್ದಂತೆ ಕಾಣುತ್ತದೆ. ನಾನು ಇದನ್ನು ಕಲಿಯುವಾಗ ಗುರುಗಳು ಮೊದಲು ಬರ್ನರ್ ಆರಿಸಿ, ಆಮೇಲೆ ಸ್ಲೈಡ್ ಕೈಗೆ ಕೊಡುತ್ತಿದ್ದರು. ಕೆನೆ ತೆಗೆದ ಹಾಲಿನ ಒಂದು ಹನಿಯಲ್ಲಿ ಬ್ಯಾಕ್ಟೀರಿಯಾ ಬೆರೆಸಿ, ತೆಳುವಾಗಿ ಸವರಿ, ಗಾಳಿಯಲ್ಲೇ ಒಣಗಿಸಬೇಕು.

“ಕ್ರಿಸ್ಟಲ್ ವಯಲೆಟ್ ಹಾಕಿ.” ಎಷ್ಟು? ಎಷ್ಟು ಹೊತ್ತು? ಕ್ಯಾಪ್ಸೂಲಿಗೆ ಬಣ್ಣ ಹಾಕುವ ಆಂಥನಿ ವಿಧಾನದಲ್ಲಿ ಈ ನೇರಳೆ ಬಣ್ಣದ ಶೇ. 1ರ ದ್ರಾವಣ, 2 ನಿಮಿಷ.

“ನಲ್ಲಿ ನೀರಲ್ಲಿ ತೊಳೆಯಿರಿ.” ಈ ಸಾಲು ಓದುಗರ ಇಡೀ ಶ್ರಮವನ್ನು ಸಿಂಕಿಗೆ ಸುರಿಯುತ್ತದೆ. ನೀರು ಬಣ್ಣದ ಜೊತೆ ಕ್ಯಾಪ್ಸೂಲನ್ನೂ ಕೊಚ್ಚಿಕೊಂಡು ಹೋಗಬಹುದು. ತೊಳೆಯಬೇಕಾದದ್ದು ಶೇ. 20ರ ತಾಮ್ರದ ಸಲ್ಫೇಟ್ ದ್ರಾವಣದಲ್ಲಿ. ಅದು ಕ್ಯಾಪ್ಸೂಲನ್ನು ಉಳಿಸಿ ಅದರ ಹೆಚ್ಚಿನ ಬಣ್ಣವನ್ನು ಮಾತ್ರ ತೆಗೆಯುತ್ತದೆ. ಆಮೇಲೂ ನೀರು ತಾಗಿಸಬಾರದು. ಸ್ಲೈಡನ್ನು ಓರೆಯಾಗಿ ನಿಲ್ಲಿಸಿ ಒಣಗಲು ಬಿಡಿ. ಆಯಿಲ್ ಇಮ್ಮರ್ಶನ್ ಲೆನ್ಸಿನಲ್ಲಿ (ಎಣ್ಣೆ ಹನಿ ತಾಗಿಸಿ ನೋಡುವ ಸೂಕ್ಷ್ಮದರ್ಶಕದ ಲೆನ್ಸ್) ಕೋಶ ಕಡು ನೇರಳೆ, ಹಾಲಿನ ಹಿನ್ನೆಲೆಯೂ ನೇರಳೆ, ನಡುವೆ ಮಸುಕು ನೀಲಿಯ ಬಳೆ. ಆ ಬಳೆಯೇ ಕ್ಯಾಪ್ಸೂಲ್.

“ಕ್ಯಾಪ್ಸೂಲ್ ಅಥವಾ ಲೋಳೆ ಪದರ” ಎಂದು ಮೂರು ಕಡೆ ಬರೆದಿದ್ದೀರಿ, ಎರಡೂ ಒಂದೇ ಎಂಬಂತೆ. ಕಪ್ಪು ಶಾಯಿಯಾದ ಇಂಡಿಯಾ ಇಂಕ್‌ನಲ್ಲಿ ನೋಡಿದರೆ ವ್ಯತ್ಯಾಸ ಕಣ್ಣಿಗೇ ಬೀಳುತ್ತದೆ: ಕ್ಯಾಪ್ಸೂಲ್ ಇಂಕಿನ ಕಣಗಳನ್ನು ಒಳಬಿಡದು, ಅಂಚು ಸ್ಪಷ್ಟ, ಲೋಳೆ ಪದರಕ್ಕೆ ಅಂಚೇ ಇಲ್ಲ, ಕೋಶಕ್ಕೆ ಅದರ ಹಿಡಿತವೂ ಸಡಿಲ.

ಕೊನೆಗೊಂದು, ಇದನ್ನು ಮಾತ್ರ ಮರೆಯಬೇಡಿ. ಬಿಸಿ ತಾಗಿಸದ ಸ್ಲೈಡಿನಲ್ಲಿ ಬ್ಯಾಕ್ಟೀರಿಯಾ ಜೀವಂತವಿರಬಹುದು. ಕೈಗವಸು ಹಾಕಿಕೊಳ್ಳಬೇಕು, ಸ್ಲೈಡೂ ತೊಳೆದ ದ್ರಾವಣವೂ ಸೋಂಕುನಿವಾರಕಕ್ಕೆ ಹೋಗಬೇಕು. ನಿಮ್ಮ ಲೇಖನದಲ್ಲಿ ಈ ಎಚ್ಚರಿಕೆ ಇಲ್ಲ. ತಿದ್ದಿ ಕಳಿಸುವಾಗ ಅದು ಮೊದಲ ಹಂತಕ್ಕೂ ಮುಂಚೆ ಬರಲಿ.