ರಿಪೋರ್ಟು ಭಾವನ ಅಂಗಡಿಯಲ್ಲಿ ಯಾಕಿದೆ?

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿ ಮೈಯೆಲ್ಲ ಉರಿಯಿತು. ಉಳಿದವರು ಸಿಟ್ಟಾಗಬೇಡಿ, ನಿಮ್ಮ ಸರದಿ ಮುಂದಿನ ವಾರ. ಇದಕ್ಕೆ ಗುರುವಾರದ ಗಡುವಿದೆ.

ಬರೆದವಳು ರಬಕವಿ-ಬನಹಟ್ಟಿ ಕಡೆಯ ಹೆಣ್ಣುಮಗಳು, ವಯಸ್ಸು 37. ಗಂಡ ಪವರ್‌ಲೂಮ್ ನಡೆಸುತ್ತಾನೆ. ಇಬ್ಬರು ಮಕ್ಕಳು, ಅತ್ತೆ, ಭಾವ, ನೆಗೆಣ್ಣಿ ಎಲ್ಲ ಒಂದೇ ಮನೆಯಲ್ಲಿ. ಆರು ತಿಂಗಳಿಂದ ಮುಟ್ಟು ಹತ್ತು ದಿನವಾದರೂ ನಿಲ್ಲುತ್ತಿಲ್ಲ. ಭಾವ ತನಗೆ ಪರಿಚಯವಿರುವ ಖಾಸಗಿ ದವಾಖಾನೆಗೆ ಕರೆದೊಯ್ದ. ಮುಂಜಾನೆ ಒಂಬತ್ತಕ್ಕೆ ಚೀಟಿ ಮಾಡಿಸಿದವಳನ್ನು ಒಳಗೆ ಕರೆದದ್ದು ಮಧ್ಯಾಹ್ನ ಎರಡಕ್ಕೆ. ಡಾಕ್ಟರು ಮುಟ್ಟಿ ನೋಡಲಿಲ್ಲ, ರಕ್ತ ತಪಾಸಣೆಗೆ, ಸ್ಕ್ಯಾನ್‌ಗೆ ಬರೆದುಕೊಟ್ಟರು. ಸ್ಕ್ಯಾನ್ ಆಗಿ ಬಂದ ಮೇಲೆ ಇವಳನ್ನು ಹೊರಗೆ ಬಾಕಿನ ಮೇಲೆ ಕೂಡಿಸಿ, ಭಾವನನ್ನು ಒಳಗೆ ಕರೆದು ಮಾತಾಡಿದರು. ಭಾವ ಹೊರಗೆ ಬಂದು ಹೇಳಿದ್ದು: "ಗರ್ಭಚೀಲದಾಗ ಗಂಟು ಅದಾವಂತ. ತಗಸಿಬಿಡೂಣು. ಮಕ್ಕಳಂತೂ ಆಗ್ಯಾವಲ್ಲ." ಐದು ಸಾವಿರ ಅಡ್ವಾನ್ಸ್ ಕಟ್ಟಿದ್ದೂ ಆಯಿತು, ಬರುವ ಗುರುವಾರ ಆಪರೇಷನ್ ಎಂದು ನಿಕ್ಕಿ ಮಾಡಿದ್ದೂ ಆಯಿತು. ಇವಳು ಧೈರ್ಯ ಮಾಡಿ ಒಳಗೆ ಹೋಗಿ, "ಗುಳಿಗಿಯಿಂದ ಕಡಿಮಿ ಆಗೂದಿಲ್ಲೇನ್ರಿ ಸರ?" ಎಂದು ಕೇಳಿದರೆ, "ನಿಮ್ಮ ಭಾವಗ ಎಲ್ಲಾ ಹೇಳೇನವಾ" ಎಂದು ಮುಂದಿನ ಪೇಶಂಟಿನ ಹೆಸರು ಕೂಗಿಸಿದರು.

ಅವಳ ಪ್ರಶ್ನೆ ಇಷ್ಟೇ: "ಅಕ್ಕಾ, ಮನಿಯಾಗ ಹೇಳದ ಬ್ಯಾರೆ ಡಾಕ್ಟರ್ ಕಡೆ ಹೋದ್ರ ತಪ್ಪೇನ್ರಿ?"

ತಪ್ಪಲ್ಲ. ಆದರೆ ತಂಗಿ, ನೀನು ಎರಡು ಪುಟ ಡಾಕ್ಟರನ್ನು ಬೈದು ಬರೆದಿದ್ದೀ. ಕಾಯಿಸಿದರು, ಗದರಿದರು, ಫ್ಯಾನ್ ಇರಲಿಲ್ಲ, ಬಾತ್‌ರೂಮಿಗೆ ಕೀಲಿ ಹಾಕಿದ್ದರು. ಎಲ್ಲ ಖರೇನೇ. ಅದರ ನಡುವೆ ಅರ್ಧ ಸಾಲು ಬರೆದು ಮುಂದೆ ಹೋಗಿದ್ದೀ: "ರಿಪೋರ್ಟ್ ಎಲ್ಲಾ ದವಾಖಾನಿ ಮುಂದಿನ ಭಾವನ ಮೆಡಿಕಲ್ ಅಂಗಡ್ಯಾಗ ಅದಾವ್ರಿ."

ಆ ಅರ್ಧ ಸಾಲು ಓದಿ ನಾನು ಪತ್ರ ಕೆಳಗಿಟ್ಟೆ. ನಿನ್ನ ಹೊಟ್ಟೆಯೊಳಗಿನ ಸ್ಕ್ಯಾನು, ನಿನ್ನ ರಕ್ತದ ಲೆಕ್ಕ, ಇವು ನಿನ್ನ ಟ್ರಂಕಿನಲ್ಲಿ ಇರಬೇಕಾದ ಕಾಗದ. ಗುಳಿಗೆ ಡಬ್ಬಿಗಳ ನಡುವೆ ಭಾವನ ಗಲ್ಲಾದಲ್ಲಿ ಯಾಕಿವೆ? ನಿನ್ನ ಭಾವ ಕೆಟ್ಟವನು ಎಂದು ನಾನು ಹೇಳುತ್ತಿಲ್ಲ, ಕಮಿಷನ್ ತಿನ್ನುತ್ತಾನೆ ಎಂದೂ ಹೇಳುತ್ತಿಲ್ಲ. ಆದರೆ ಆ ಡಾಕ್ಟರು ಬರೆದ ಚೀಟಿಯ ಮೇಲೆಯೇ ಅವನ ಅಂಗಡಿ ನಡೆಯುತ್ತದೆ. ಅವರ ಮಾತಿಗೆ ಎದುರಾಡುವ ಮನುಷ್ಯ ಅವನಲ್ಲ, ಆಗುವುದೂ ಇಲ್ಲ. ಅಂಥವನು ನಿನ್ನ ಪರವಾಗಿ ಒಳಗೆ ಹೋಗಿ ಮಾತಾಡಿ ಬಂದ. ಡಾಕ್ಟರಿಗಿಂತ ನನಗೆ ಅವನ ಮೇಲೇ ಸಿಟ್ಟು ಹೆಚ್ಚು. ಡಾಕ್ಟರಿಗೆ ದಿನಕ್ಕೆ ನೂರು ಮುಖ. ಭಾವನಿಗೆ ನಿನ್ನ ಮುಖ ದಿನವೂ ಕಾಣುತ್ತದೆ.

ಹಿಂದೆಯೂ ಬರೆದಿದ್ದೇನೆ, ಓದುಗರು ಬೇಸರ ಮಾಡಿಕೊಂಡರೂ ಮತ್ತೆ ಬರೆಯುತ್ತೇನೆ: ಪರಿಚಯದ ಡಾಕ್ಟರು ಎಂದರೆ ಅರ್ಧ ಪ್ರಶ್ನೆ ಬಾಯಲ್ಲೇ ಉಳಿಯುತ್ತವೆ. ಬಿಲ್ಲಿನಲ್ಲಿ ನೂರಿನ್ನೂರು ಬಿಡಬಹುದು, ಅಷ್ಟೇ. ನಮ್ಮ ಹಿರಿಯರು ದೊಡ್ಡ ಜಡ್ಡಾದರೆ ಬುತ್ತಿ ಕಟ್ಟಿಕೊಂಡು ಮಿರಜಿನ ದವಾಖಾನೆಗೆ ಹೋಗುತ್ತಿದ್ದರು. ಅಲ್ಲಿ ಯಾರ ಪರಿಚಯವೂ ಇರುತ್ತಿರಲಿಲ್ಲ, ಕೇಳಬೇಕಾದದ್ದನ್ನೆಲ್ಲ ಕೇಳಿಯೇ ಬರುತ್ತಿದ್ದರು.

ಈಗ ಗಂಟಿನ ಮಾತು. ನಾನು ಡಾಕ್ಟರಲ್ಲ. ಆದರೆ ಇಷ್ಟು ಗೊತ್ತಿದೆ: ಗರ್ಭಕೋಶದ ಗಂಟುಗಳಲ್ಲಿ ಬಹಳಷ್ಟು ಕ್ಯಾನ್ಸರ್ ಅಲ್ಲ. ಗಂಟು ಎಷ್ಟು ದೊಡ್ಡದು, ಎಲ್ಲಿದೆ ಎಂಬುದರ ಮೇಲೆ ಗುಳಿಗೆ, ಗರ್ಭಚೀಲದೊಳಗೆ ಕೂಡಿಸುವ ಹಾರ್ಮೋನ್ ಇರುವ ವಂಕಿ, ಗಂಟಷ್ಟೇ ತೆಗೆಯುವ ಆಪರೇಷನ್, ಇಂಥ ದಾರಿಗಳಿವೆ. ಥೈರಾಯ್ಡ್ ಏರುಪೇರಾದರೂ ರಕ್ತ ಹೆಚ್ಚು ಹೋಗುತ್ತದೆ. ಗರ್ಭಚೀಲ ತೆಗೆಯಲೇಬೇಕಾದ ಕೇಸುಗಳೂ ಇವೆ, ನಿನ್ನದು ಅಂಥದ್ದೇ ಇರಬಹುದು. ಅದನ್ನು ಕಾಗದ ನೋಡಿ, ನಿನ್ನನ್ನು ಮುಟ್ಟಿ ನೋಡಿ ಹೇಳಬೇಕು. ತೆಗೆಯುವುದೇ ಆದರೆ ಅಂಡಾಶಯ ಉಳಿಸುತ್ತಾರೋ ಇಲ್ಲವೋ ಎಂದು ನೀನೇ ಕೇಳಬೇಕು. ಅದೂ ಹೋದರೆ ಈ ವಯಸ್ಸಿಗೇ ಮೈ ಬಿಸಿಯೇರುವುದು, ಬೆವರು, ಮುಂದೆ ಎಲುಬು ಸವೆಯುವುದು ಎಲ್ಲ ಬೆನ್ನು ಹತ್ತುತ್ತವೆ. "ನಂದೂ ತಗದಾರ, ನನಗೇನಾಗೇತಿ" ಎಂದು ನಿನ್ನ ಅತ್ತೆ ಹೇಳಿದರಂತೆ. ಅವರ ಮೊಣಕಾಲು, ಸೊಂಟ ಹೇಗಿವೆ ಎಂದು ಸಾವಕಾಶವಾಗಿ ಒಮ್ಮೆ ಕೇಳು.

ಬೇಡದ ಗರ್ಭಕೋಶದ ಆಪರೇಷನ್‌ಗಳ ಹಾವಳಿ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಅವನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು 2023ರಲ್ಲಿ ಕೋರ್ಟು ಹೇಳಿತು. ಅದಕ್ಕೂ ಮೊದಲು, 2008ರಲ್ಲಿ, ಸಮೀರಾ ಕೊಹ್ಲಿ ಪ್ರಕರಣದ ತೀರ್ಪು ಬಂತು. ಆಕೆ ತಪಾಸಣೆಗೆಂದು ಅನಸ್ತೇಸಿಯಾದಲ್ಲಿ ಮಲಗಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ತೆಗೆದಿದ್ದರು. ವಯಸ್ಸಿಗೆ ಬಂದ, ಬುದ್ಧಿ ನೆಟ್ಟಗಿರುವ ಹೆಂಗಸಿನ ಪರವಾಗಿ ತಾಯಿ ಒಪ್ಪಿದರೂ ಅದು ಒಪ್ಪಿಗೆಯಲ್ಲ ಎಂದಿತು ಕೋರ್ಟು. ಹೆತ್ತವಳ ಒಪ್ಪಿಗೆಯೇ ನಡೆಯದಿದ್ದಾಗ ಭಾವನದು ಯಾವ ಲೆಕ್ಕ?

ಇನ್ನೊಂದು. ಸೂಜಿ ಮಾಡುವ ಹುಡುಗಿ ಮೆಲ್ಲಗೆ "ಅಕ್ಕಾ, ನಿಮಗ ರಕ್ತ 8.2 ಅಷ್ಟ ಐತಿ" ಎಂದಳಲ್ಲ, ಆ ದವಾಖಾನೆಯಲ್ಲಿ ನಿನ್ನ ಜೊತೆ ಮಾತಾಡಿದ ಮನುಷ್ಯಳು ಅವಳೊಬ್ಬಳೇ. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ತುರ್ತಿಲ್ಲದ ಆಪರೇಷನ್‌ಗೆ ಮೊದಲು ಅದನ್ನು ಮೇಲೆ ತರಲು ನೋಡುತ್ತಾರೆ. ನಿನಗೆ ಕಬ್ಬಿಣದ ಗುಳಿಗೆಯನ್ನೂ ಬರೆದುಕೊಡಲಿಲ್ಲ, ಗುರುವಾರ ಮಾತ್ರ ಬರೆದುಕೊಟ್ಟರು.

ಗಂಡನ ಬಗ್ಗೆ ಒಂದೇ ಮಾತು ಬರೆದಿದ್ದೀ, "ಅಣ್ಣನ ಮಾತು ಮೀರೂದಿಲ್ಲ" ಅಂತ. ಅವನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಯಾರೂ ಬಿಡಿಸಿ ಹೇಳಿರಲಿಕ್ಕಿಲ್ಲ. ರಿಪೋರ್ಟು ಕೈಗೆ ಬಂದ ಮೇಲೆ ಅವನ ಮುಂದೆ ಇಟ್ಟು ಮಾತಾಡು, ಮೊದಲಲ್ಲ.

ದೂರು ಕೊಡಬೇಕು ಎಂದೂ ಕೇಳಿದ್ದೀ. ಖಾಸಗಿ ದವಾಖಾನೆಗಳ ಮೇಲಿನ ದೂರು ನೋಡಲು ಜಿಲ್ಲಾಧಿಕಾರಿಗಳು ಅಧ್ಯಕ್ಷರಾದ ಪ್ರಾಧಿಕಾರ ಇದೆ. ಬಾಗಲಕೋಟೆಯ ನವನಗರದಲ್ಲಿರುವ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿದರೆ ದಾರಿ ಹೇಳುತ್ತಾರೆ. ಅದಕ್ಕೆ ಅವಸರವಿಲ್ಲ. ಐದು ಸಾವಿರದ ಜಗಳವೂ ಆಮೇಲೆ.

ನಾಳೆ ಮಾಡುವ ಕೆಲಸ ಒಂದೇ. ಅಂಗಡಿ ತೆರೆದ ಕೂಡಲೇ ಹೋಗಿ, ಗಿರಾಕಿಗಳು ನಿಂತಿರುವಾಗಲೇ, "ಭಾವಾ, ನನ್ನ ರಿಪೋರ್ಟ್ ಕೊಡ್ರಿ" ಎಂದು ಕೇಳು. ಯಾಕೆ ಎಂದರೆ "ನನಗ ಬೇಕಾಗ್ಯಾವು" ಅನ್ನು. ಅದಕ್ಕಿಂತ ಒಂದು ಮಾತು ಹೆಚ್ಚು ಆಡಬೇಡ. ಸಿಕ್ಕ ಮೇಲೆ ಜಮಖಂಡಿ ಸರ್ಕಾರಿ ಆಸ್ಪತ್ರೆಗೋ ನವನಗರದ ಜಿಲ್ಲಾ ಆಸ್ಪತ್ರೆಗೋ ಹೋಗಿ ಸ್ತ್ರೀರೋಗ ತಜ್ಞರಿಗೆ ತೋರಿಸು, ಅವರು ನೋಡುವವರೆಗೆ ಗುರುವಾರದ ಮಾತು ಬೇಡ. ನಡುವೆ ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ಹೋಗತೊಡಗಿದರೆ, ಕಣ್ಣು ಕತ್ತಲೆ ಬಂದರೆ, ರಿಪೋರ್ಟಿಗೂ ಕಾಯದೆ 108ಕ್ಕೆ ಫೋನ್ ಮಾಡು.

ಭಾವ ಇವತ್ತು, ನಾಳೆ ಎಂದು ಆಡಿಸಿದರೆ ಜಗಳಕ್ಕೆ ನಿಲ್ಲಬೇಡ. ಸ್ಕ್ಯಾನ್ ಮಾಡಿದಲ್ಲಿಗೆ ಹೋಗಿ ಹೆಸರು, ತಾರೀಖು ಹೇಳಿ ಇನ್ನೊಂದು ಪ್ರತಿ ಕೇಳು. ದವಾಖಾನೆಗೂ ಒಂದು ಅರ್ಜಿ ಬರೆದುಕೊಡು: "ನನ್ನ ಚಿಕಿತ್ಸೆಯ ದಾಖಲೆ ಕೊಡಿ." ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಎಂದು ವೈದ್ಯರ ನಡತೆಗಾಗಿಯೇ ಮಾಡಿದ 2002ರ ನಿಯಮದಲ್ಲಿದೆ. ಅರ್ಜಿಯ ಜೆರಾಕ್ಸ್ ಮೇಲೆ ಮುಟ್ಟಿದ ಸಹಿ ಹಾಕಿಸಿಕೊಂಡು ಬಾ.