ತೊಡೆ ಎಲುಬು ಹೆಣ್ಣು, ಸೊಂಟದ ಎಲುಬು ಗಂಡು ಅಂತ ಬಂದರೆ

ಎಲುಬು ನೋಡಿ ಗಂಡೋ ಹೆಣ್ಣೋ ಹೇಳುವಾಗ ಎರಡು ಎಲುಬು ಎರಡು ಥರ ಹೇಳಿದರೆ ಏನು ಮಾಡೋದು ಅಂತ ಕೇಳಿದ್ದೀರಿ. ತಪ್ಪಿರೋದು ನೀವು ಹಿಡಿದ ಪಟ್ಟಿಯಲ್ಲಿ ಅನಿಸುತ್ತದೆ. ಬಳ್ಳಾರಿಯ ನಿಮ್ಮ ಕಾಲೇಜಿನ ಫೀಮರ್ ತಲೆ (ತೊಡೆ ಎಲುಬಿನ ಮೇಲ್ತುದಿಯ ಗುಂಡು) 42 ಮಿ.ಮೀ. ಬಂತು, ಆ ಅಳತೆಯಿಂದ ಗಂಡು-ಹೆಣ್ಣು ಹೇಳುವ ಸ್ಟೀವರ್ಟ್ ಪಟ್ಟಿಯಲ್ಲಿ 42.5ಕ್ಕಿಂತ ಕಡಿಮೆ ಅಂದರೆ ಹೆಣ್ಣು, ಆದರೆ ಅದೇ ಪೆಟ್ಟಿಗೆಯ ಸೊಂಟದ ಎಲುಬು ಗಂಡಿನ ಥರ ಇದೆ ಎಂದಿದ್ದೀರಿ. ಆ ಪಟ್ಟಿ ಅಮೆರಿಕದವರ ಎಲುಬಿನದು. ನಮ್ಮ ಕಡೆಯವರ ಎಲುಬು ಸಾಮಾನ್ಯವಾಗಿ ಸಣ್ಣದು. ಹಾಗಾಗಿ ಗಂಡಸರೂ ಹೆಣ್ಣಿನ ಸಾಲಿಗೆ ಬೀಳುತ್ತಾರೆ.

ಮೊದಲು ಎರಡೂ ಒಬ್ಬರದ್ದೇನಾ ನೋಡಿ. ಕಾಲೇಜಿನ ಪೆಟ್ಟಿಗೆಗಳಲ್ಲಿ ಎಲುಬು ಅದಲುಬದಲಾಗಿರುತ್ತವೆ ಅಲ್ವಾ! ಅದೇ ಬದಿಯ ತಲೆಯನ್ನು ಸೊಂಟದ ಗುಳಿಯಲ್ಲಿ ಕೂರಿಸಿ. ತೀರಾ ಲೊಡಲೊಡ ಅಂದರೆ ಬೇರೆಯವರದ್ದು ಇರಬಹುದು. ಸರಿಯಾಗಿ ಕೂತರೂ ಪೂರ್ತಿ ಖಾತ್ರಿಯಿಲ್ಲ. ಆಮೇಲೆ ಅಳೆಯುವ ವರ್ನಿಯರ್ ಕ್ಯಾಲಿಪರ್‌ನ ಸೊನ್ನೆ ಸರಿಯಿದೆಯಾ ನೋಡಿಕೊಂಡು ಮೂರು ಸಲ ಅಳೆಯಿರಿ.

ಈಗ ಸೊಂಟದ ಗುಳಿಯ ಅಗಲ ಅಳೆಯಿರಿ. ಅದರ ಮುಂದಿನ ಅಂಚಿನಿಂದ ಪ್ಯೂಬಿಕ್ ಸಿಂಫಿಸಿಸ್‌ವರೆಗಿನ (ಎರಡು ಸೊಂಟದ ಎಲುಬು ಮುಂದೆ ಕೂಡುವ ಜಾಗ) ದೂರವೂ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಗಂಡು, ಆ ದೂರ ಜಾಸ್ತಿ ಇದ್ದರೆ ಹೆಣ್ಣು. ಸಯಾಟಿಕ್ ನಾಚ್‌ನಲ್ಲಿ (ಸೊಂಟದ ಎಲುಬಿನ ಹಿಂದಿನ ಅಂಚಿನ ದೊಡ್ಡ ಕಚ್ಚು) ಹೆಬ್ಬೆರಳಿಟ್ಟು ಆಡಿಸಿ. ಬಿಗಿಯಾದರೆ ಗಂಡಿನ ಕಡೆ, ಸಲೀಸಾಗಿ ಆಡಿದರೆ ಹೆಣ್ಣಿನ ಕಡೆ.

ತೊಡೆಗೂ ಸೊಂಟಕ್ಕೂ ತಾಳೆಯಾಗದಿದ್ದರೆ ಸೊಂಟದ ಮಾತೇ ಕೇಳಿ. ಈ ಎರಡು ಪರೀಕ್ಷೆಯೂ ಗಂಡು ಅಂದರೆ, ರೆಕಾರ್ಡಿನಲ್ಲಿ ಎಲ್ಲ ಅಳತೆ ಬರೆದು ‘ಬಹುಶಃ ಗಂಡು’ ಅಂತ ಹಾಕಿ.