ಕಾಟ ಅನುಭವಿಸಿದ ಮಗೂನೇ ಸಸ್ಪೆಂಡ್ ಮಾಡೋದು ಯಾವ ನ್ಯಾಯ?

ಪ್ರಶ್ನೆ: ನಮ್ದು ಸಿರಾ ತಾಲ್ಲೂಕಿನ ಒಂದು ಹಳ್ಳಿ ಮೇಡಂ. ಮಗಳು ಒಂಬತ್ತನೇ ಕ್ಲಾಸು, ಬಸ್ಸಲ್ಲಿ ಹೈಸ್ಕೂಲಿಗೆ ಹೋಗಿ ಬರ್ತಾಳೆ. ಅದೇ ಸ್ಕೂಲಿನ ಹತ್ತನೇ ಕ್ಲಾಸಿನ ಹುಡುಗ ಒಬ್ಬ ಸ್ಕೂಲ್ ಶುರುವಾದಾಗಿಂದ ಇವಳ ಹಿಂದೆ ಬಿದ್ದಿದ್ದ, ಬಸ್ಸಲ್ಲಿ ಬೇಕಂತಲೇ ಮೈಗೆ ತಾಗೋದು, ಜಡೆ ಎಳೆಯೋದು. ಕ್ಲಾಸ್ ಟೀಚರ್‌ಗೆ ಹೇಳಿದ್ರೆ "ನಿನ್ನ ಪಾಡಿಗೆ ನೀನಿರು" ಅಂದ್ರಂತೆ. ಹೋದ ತಿಂಗಳು ಸ್ಕೂಲ್ ಮೆಟ್ಟಿಲ ಹತ್ರ ಮೈಮೇಲೆ ಕೈ ಹಾಕಿದಾನೆ, ಇವಳು ಕೈಲಿದ್ದ ಸ್ಟೀಲ್ ಬಾಟಲಲ್ಲಿ ಬೀಸಿದಾಳೆ, ಅವನ ಹಣೆಗೆ ಹೊಲಿಗೆ ಬಿತ್ತು. ಎಚ್ಚೆಮ್ಮು (ಮುಖ್ಯ ಶಿಕ್ಷಕರು) "ಎರಡೂ ಕೈ ಸೇರಿದ್ರೇನೇ ಚಪ್ಪಾಳೆ" ಅಂತ ಇಬ್ಬರನ್ನೂ ಒಂದು ವಾರ ಸಸ್ಪೆಂಡ್ ಮಾಡಿದ್ರು, ನನ್ನ ಹತ್ರ ಮುಚ್ಚಳಿಕೆ ಬರೆಸ್ಕೊಂಡ್ರು, ಇನ್ನೊಂದ್ಸಲ ಹೀಗಾದ್ರೆ ಟಿ.ಸಿ. ಅಂತೆ. ವರ್ಷದ ನಡುವೆ ಮಾಡೋ ಎಫ್‌ಎ ಟೆಸ್ಟೂ ತಪ್ಪಿತು. ಅವರಪ್ಪ ಸ್ಕೂಲೇ ಬಿಡಿಸಣ ಅಂತಾರೆ. ಏನ್ಮಾಡ್ಲಿ?
– ಹೆಸರು ಬೇಡ, ಸಿರಾ ತಾಲ್ಲೂಕು

ಉತ್ತರ: ಮೊದಲು ಒಂದು ಮಾತು ತಾಯಿ, ಸ್ಕೂಲು ಬಿಡಿಸಬೇಡಿ. ಅವರಪ್ಪನಿಗೂ ಇದನ್ನ ಓದಿ ಹೇಳಿ. ಬಿಡಿಸಿದ್ರೆ ಆ ಹುಡುಗ ಕೊಟ್ಟ ಕಾಟಕ್ಕೆ, ಸ್ಕೂಲು ಕೊಟ್ಟ ಶಿಕ್ಷೆಗೆ, ಮನೆಯವರೂ ಒಂದು ಶಿಕ್ಷೆ ಸೇರಿಸಿದ ಹಾಗಾಗುತ್ತೆ, ಮೂರೂ ಒಂದೇ ಮಗುವಿನ ತಲೆ ಮೇಲೆ.

ಚಪ್ಪಾಳೆ ಮಾತು ಕೇಳಿ ನನಗೆ ನಿಜಕ್ಕೂ ಸಂಕಟ ಆಯ್ತು, ಯಾಕಂದ್ರೆ ನಮ್ಮ ಸ್ಕೂಲುಗಳಲ್ಲಿ ಜಗಳ ಅಂತ ಬಂದ ತಕ್ಷಣ ಈ ಗಾದೆ ಹೇಳಿ ಫೈಲ್ ಮುಚ್ಚಿಬಿಡ್ತಾರೆ. ಇಬ್ಬರಿಗೂ ಒಂದೇ ಶಿಕ್ಷೆ ಕೊಟ್ರೆ ಸಮಾನವಾಗಿ ನೋಡಿದ್ವಿ ಅಂತ ಅವರಿಗೆ ಸಮಾಧಾನ. ಆದ್ರೆ ಆ ದಿನದ ಐದು ನಿಮಿಷ ಮಾತ್ರ ನೋಡಿ, ಅದರ ಹಿಂದಿನ ಅಷ್ಟೂ ತಿಂಗಳು ನೋಡದೇ ಇದ್ರೆ ಅದು ವಿಚಾರಣೆ ಹೇಗಾಗುತ್ತೆ? ಮಗಳು ಟೀಚರ್ ಹತ್ರ ಹೇಳ್ಕೊಂಡಿದ್ಳು, ಅಂದ್ರೆ ನಿಯಮದ ಪ್ರಕಾರ ಏನು ಮಾಡ್ಬೇಕೋ ಮಾಡಿದ್ಳು, ಯಾರೂ ಕಿವಿಗೆ ಹಾಕ್ಕೊಳ್ಳದೇ ಇದ್ದಾಗ ತನ್ನನ್ನ ತಾನೇ ಕಾಪಾಡ್ಕೊಂಡ್ಳು. ಮೈಮೇಲೆ ಕೈ ಹಾಕಿದವನನ್ನ ತಡೆಯೋಕೆ ಬೇಕಾದಷ್ಟು ಬಲ ಬಳಸಿದ್ರೆ ಅದು ಅಪರಾಧ ಅಲ್ಲ ಅಂತ ಕಾನೂನೇ ಹೇಳುತ್ತೆ, ಮೊದಲು ಐಪಿಸಿಯಲ್ಲಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 34ನೇ ಸೆಕ್ಷನ್ನಿನಿಂದ ಮುಂದಕ್ಕೆ ಇದೆ. ದೊಡ್ಡವರಿಗೆ ಇರೋ ಈ ಹಕ್ಕು ಹದಿನಾಲ್ಕು ವರ್ಷದ ಹುಡುಗಿಗೆ ಇಲ್ವಾ?

ಇನ್ನು ಆ ಹುಡುಗ ಮಾಡಿದ್ದು. 18 ವರ್ಷದ ಒಳಗಿನ ಮಗೂನ ಪದೇ ಪದೇ ಹಿಂಬಾಲಿಸೋದು, ಕೆಟ್ಟ ಉದ್ದೇಶದಿಂದ ಮುಟ್ಟೋದು ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡೋ 2012ರ ಪೋಕ್ಸೋ ಕಾಯ್ದೆಯ ಕೆಳಗೆ ಬರುತ್ತೆ. ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು (ಸೆಕ್ಷನ್ 19), ತಿಳಿಸದೇ ಇದ್ರೆ ಆರು ತಿಂಗಳವರೆಗೂ ಶಿಕ್ಷೆ ಆಗಬಹುದು (ಸೆಕ್ಷನ್ 21). ಟೀಚರೂ ಎಚ್ಚೆಮ್ಮೂ ಇದರಿಂದ ಹೊರಗಿಲ್ಲ, ಆಫೀಸ್ ರೂಮಲ್ಲಿ ಕೂರಿಸಿ ರಾಜಿ ಪಂಚಾಯ್ತಿ ಮಾಡೋ ವಿಷಯವೇ ಅಲ್ಲ ಇದು. ಠಾಣೆ ಅಂದ್ರೆ ಭಯ ಆಗುತ್ತೆ, ಊರಲ್ಲಿ ಹೆಸರು ಹೋಗುತ್ತೆ ಅನ್ನೋ ಅಂಜಿಕೇನೂ ಇರುತ್ತೆ, ಗೊತ್ತು. ಅದಕ್ಕೇ ಹೇಳ್ತೀನಿ, ಮಗಳ ಹೇಳಿಕೆ ತಗೊಳ್ಳೋ ಪೊಲೀಸರು ಯೂನಿಫಾರ್ಮಲ್ಲಿ ಬರೋ ಹಾಗಿಲ್ಲ, ಮನೇಲೋ ಅವಳು ಹೇಳಿದ ಜಾಗದಲ್ಲೋ ತಗೋಬೇಕು, ಆದಷ್ಟೂ ಮಹಿಳಾ ಅಧಿಕಾರಿಯೇ ತಗೋಬೇಕು, ಅವಳ ಹೆಸರು, ಸ್ಕೂಲಿನ ಹೆಸರು ಪೇಪರಲ್ಲಿ ಬರೋ ಹಾಗಿಲ್ಲ. ನೇರ ಹೋಗೋಕೆ ಆಗಲ್ಲ ಅಂದ್ರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಹಗಲೂ ರಾತ್ರಿ ತೆಗೀತಾರೆ, ಏನು ಮಾಡ್ಬೇಕು ಅಂತ ದಾರಿ ಹೇಳ್ತಾರೆ. ಆ ಹುಡುಗನೂ ಮೈನರ್ರೇ, ಅವನ ಕೇಸು ಬಾಲ ನ್ಯಾಯ ಮಂಡಳಿಗೆ ಹೋಗುತ್ತೆ, ಅಲ್ಲಿ ಕೌನ್ಸೆಲಿಂಗ್‌ಗೂ ಅವಕಾಶ ಇದೆ, ಅವನ ಬಾಳು ಹಾಳು ಮಾಡ್ತಿದೀವಿ ಅನ್ನೋ ಪಾಪಪ್ರಜ್ಞೆ ನೀವು ಹೊರಬೇಡಿ.

ಸ್ಕೂಲಿಗೆ ಒಂದು ಅರ್ಜಿ ಕೊಡಿ, ಬಾಯಲ್ಲಿ ಹೇಳಿ ಬರಬೇಡಿ. ಸಸ್ಪೆಂಡ್ ಮಾಡಿದ ಆದೇಶದ ಪ್ರತಿ ಕೇಳಿ, ಯಾವ ನಿಯಮದಲ್ಲಿ ಮಾಡಿದ್ರು, ಮಗಳ ಮಾತು ಕೇಳಿ ಬರ್ಕೊಂಡ್ರಾ ಅಂತ ಕೇಳಿ. ಮೊದಲೇ ದೂರು ಹೇಳಿದ್ದು ಯಾವಾಗ, ಯಾರಿಗೆ ಅನ್ನೋದನ್ನ ತಾರೀಕು ನೆನಪಿದ್ದಷ್ಟು ಬರೀರಿ, ಆ ಬಸ್ಸಲ್ಲಿ ನೋಡಿದ ಗೆಳತಿಯರಿದ್ರೆ ಅದನ್ನೂ ಬರೀರಿ. ಮುಚ್ಚಳಿಕೆ ವಾಪಸ್ ಬೇಕು, ಆ ವಾರದ ಗೈರುಹಾಜರಿ ತೆಗೀಬೇಕು, ಎಫ್‌ಎ ಇನ್ನೊಂದ್ಸಲ ಬರೆಸಬೇಕು ಅಂತ ಸ್ಪಷ್ಟವಾಗಿ ಹಾಕಿ. ಇನ್ನೊಂದು ಮುಖ್ಯ. ಅವಳಿಗೆ ತೊಂದರೆ ಆಗದಂಗೆ ನೋಡ್ಕೊತೀವಿ ಅಂತ ಅವಳನ್ನೇ ಬೇರೆ ಸೆಕ್ಷನ್‌ಗೆ ಹಾಕೋದು, ಸಂಜೆ ಅವಳನ್ನೇ ಲೇಟಾಗಿ ಬಿಡೋದು ಇವೆಲ್ಲ ಮಾಡ್ತಾರೆ, ಒಪ್ಕೋಬೇಡಿ. ಬದಲಾಯಿಸೋದಿದ್ರೆ ಆ ಹುಡುಗನ ಟೈಮು, ಅವನ ಜಾಗ ಬದಲಾಯಿಸಲಿ.

ಎಚ್ಚೆಮ್ಮು ಕೇಳದೇ ಇದ್ರೆ ತಾಲ್ಲೂಕಿನ ಶಿಕ್ಷಣಾಧಿಕಾರಿ, ಅಂದ್ರೆ ಬಿಇಒ. ಅಲ್ಲೂ ಆಗದಿದ್ರೆ ಅವರ ಮೇಲಿನ ಜಿಲ್ಲಾ ಅಧಿಕಾರಿ ಡಿಡಿಪಿಐ, ಆದ್ರೆ ತುಮಕೂರಿಗೆ ಹೋಗಿ ಒಂದು ದಿನದ ಕೂಲಿ ಕಳ್ಕೋಬೇಡಿ, ಸಿರಾ ತಾಲ್ಲೂಕು ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರುತ್ತೆ, ಆಫೀಸು ಮಧುಗಿರೀಲೇ ಇದೆ. ಎಲ್ಲೇ ಕೊಟ್ರೂ ಆ ಆಫೀಸಿನ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿ ಮೇಲೆ ಸೀಲು, ತಾರೀಕು ಹಾಕಿಸ್ಕೊಳ್ಳಿ. ಬೆಂಗಳೂರಲ್ಲಿರೋ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಪೋಸ್ಟಲ್ಲೂ ದೂರು ಕಳಿಸಬಹುದು.

ರಾತ್ರಿ ಮಗಳ ಪಕ್ಕ ಕೂತು "ನೀನು ತಪ್ಪು ಮಾಡಿಲ್ಲ" ಅಂತ ಒಂದ್ಸಲ ಬಾಯ್ಬಿಟ್ಟು ಹೇಳಿ. ಮುಚ್ಚಳಿಕೆಗೆ ಅಮ್ಮ ಸೈನ್ ಹಾಕಿದ್ದನ್ನ ಅವಳು ನೋಡಿದಾಳೆ, ಅದಕ್ಕೇ ಹೇಳಬೇಕು.

ಪ್ರಶ್ನೆ: ನಾನು ಚಿಂತಾಮಣಿ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕ. ಏಳನೇ ತರಗತಿ ಹುಡುಗ ಒಬ್ಬ ದಿನಾ ಲೇಟು, ಹೋಂವರ್ಕ್ ಇಲ್ಲ, ಕ್ಲಾಸಲ್ಲಿ ನಿದ್ದೆ, ಸುಮ್ಮಸುಮ್ಮನೆ ಬೇರೆ ಮಕ್ಕಳಿಗೆ ಹೊಡೀತಾನೆ. ನಮ್ಮಲ್ಲಿ ಕೆಲವರು ಬಸ್ಕಿ ಹೊಡೆಸ್ತಾರೆ, ಹೊರಗೆ ನಿಲ್ಲಿಸ್ತಾರೆ. ಮೊನ್ನೆ ಶರ್ಟ್ ಮೇಲೆ ಹೋದಾಗ ಬೆನ್ನ ತುಂಬ ಬಾಸುಂಡೆ ನೋಡ್ದೆ. ಅಪ್ಪ ಕುಡಿದು ಬಂದು ಅವನಿಗೂ ಅಮ್ಮನಿಗೂ ಹೊಡೀತಾನಂತೆ. ಊರಿನವರ ಮನೆ ವಿಷಯಕ್ಕೆ ಕೈ ಹಾಕಬಹುದಾ?
– ಶಿಕ್ಷಕ, ಚಿಂತಾಮಣಿ ತಾಲ್ಲೂಕು

ಉತ್ತರ: ಕೈ ಹಾಕಲೇಬೇಕು ಮೇಷ್ಟ್ರೇ. ನೀವು ಬಾಸುಂಡೆ ನೋಡಿದ ಮೇಲೆ ಅದು ಬರೀ ಮನೆ ವಿಷಯವಾಗಿ ಉಳಿದಿಲ್ಲ.

ರಾತ್ರಿ ಎಲ್ಲ ಅಮ್ಮನ ಅಳು ಕೇಳ್ತಾ ಎಚ್ಚರ ಇದ್ದ ಮಗು ಬೆಳಗ್ಗೆ ಕ್ಲಾಸಲ್ಲಿ ನಿದ್ದೆ ಮಾಡದೆ ಇನ್ನೇನು ಮಾಡುತ್ತೆ, ಅವನಿಗೆ ಭಯ ಇಲ್ಲದೆ ಕಣ್ಮುಚ್ಚೋಕೆ ಇರೋ ಜಾಗ ನಿಮ್ಮ ಕ್ಲಾಸ್ ರೂಮು ಒಂದೇ ಇರಬಹುದು. ಬಸ್ಕಿ ಹೊಡೆಸೋದು ಇವತ್ತೇ ನಿಲ್ಲಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನಲ್ಲಿ ಹೊಡೆಯೋದು, ಮಾನಸಿಕ ಹಿಂಸೆ ಎರಡಕ್ಕೂ ನಿಷೇಧ ಇದೆ, ಮಾಡಿದವರ ಮೇಲೆ ಇಲಾಖೆ ಶಿಸ್ತುಕ್ರಮ ತಗೋಬಹುದು. ಎಂಟನೇ ತರಗತಿ ಮುಗಿಯೋವರೆಗೂ ಯಾವ ಮಗೂನೂ ಸ್ಕೂಲಿಂದ ತೆಗೆದುಹಾಕೋ ಹಾಗಿಲ್ಲ ಅಂತಾನೂ ಅದರಲ್ಲೇ ಇದೆ, 16ನೇ ಸೆಕ್ಷನ್.

ಅವನು ಬೇರೆ ಮಕ್ಕಳಿಗೆ ಹೊಡೆದ್ರೆ ಸುಮ್ನಿರಿ ಅಂತ ನಾನು ಹೇಳ್ತಿಲ್ಲ, ಏಟು ತಿಂದ ಇನ್ನೊಂದು ಮಗೂಗೂ ನ್ಯಾಯ ಬೇಕಲ್ವಾ. ಆ ಮಗು ಹತ್ರ ಇವನು ಸಾರಿ ಕೇಳಲಿ, ಏನಾದ್ರೂ ಮುರಿದಿದ್ರೆ ಸರಿ ಮಾಡೋಕೆ ಕೈಜೋಡಿಸಲಿ, ಸಿಟ್ಟು ಬಂದಾಗ ಎದ್ದು ನಿಮ್ಮ ಹತ್ರ ಬರೋಕೆ ಅವನಿಗೊಂದು ಪರ್ಮಿಷನ್ ಇರಲಿ. ಲೇಟಾಗಿ ಬಂದ ದಿನ ಬಾಗಿಲಲ್ಲಿ ನಿಲ್ಲಿಸಬೇಡಿ. ತಿಂಡಿ ಆಗಿದ್ಯಾ ಅಂತ ಕೇಳಿ.

ಬಾಸುಂಡೆ ವಿಷಯ ಎಚ್ಚೆಮ್ಮಿಗೆ ಬರೆದು ಕೊಟ್ಟು, 1098ಕ್ಕೋ ಚಿಕ್ಕಬಳ್ಳಾಪುರದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೋ ತಿಳಿಸಿ. ಅಲ್ಲಿಂದ ಮಕ್ಕಳ ಕಲ್ಯಾಣ ಸಮಿತಿಗೆ ಹೋಗುತ್ತೆ. ತಿಳಿಸಿದ್ರೆ ಹುಡುಗನ್ನ ಎತ್ಕೊಂಡು ಹೋಗಿ ಹಾಸ್ಟೆಲ್ಲಿಗೆ ಹಾಕಿಬಿಡ್ತಾರೆ ಅಂತ ತುಂಬ ಮೇಷ್ಟ್ರುಗಳು ಹೆದರ್ತಾರೆ. 2015ರ ಬಾಲ ನ್ಯಾಯ ಕಾಯ್ದೆ ಪ್ರಕಾರ ಸಂಸ್ಥೆಗೆ ಸೇರಿಸೋದು ಕೊನೇ ದಾರಿ, ಮೊದಲು ನೋಡೋದು ಮನೇಲೇ ಸುರಕ್ಷಿತವಾಗಿ ಇಡೋಕೆ ಆಗುತ್ತಾ ಅಂತ. ಅಪ್ಪ ಆದ್ರೂ ಸರಿ, ಮಗೂನ ಹೀಗೆ ಹೊಡೆಯೋದು 75ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಶಿಕ್ಷೆ ಇರೋ ಅಪರಾಧ. ಆ ತಾಯಿಗೆ ಮಹಿಳಾ ಸಹಾಯವಾಣಿ 181 ನಂಬರ್ ಕೊಡಿ, ಗಂಡನ ಎದುರಿಗೆ ಮಾತ್ರ ಕೊಡಬೇಡಿ. ಅಪ್ಪನ್ನ ಸ್ಕೂಲಿಗೆ ಕರೆಸಿ "ಹಿಂಗಂತೆ ನಿಜಾನಾ" ಅಂತ ಕೇಳೋ ಕೆಲಸ ಯಾವ ಕಾರಣಕ್ಕೂ ಬೇಡ, ಆ ರಾತ್ರಿ ಅದರ ಲೆಕ್ಕ ಹುಡುಗನ ಬೆನ್ನ ಮೇಲೇ ತೀರುತ್ತೆ.

ಪ್ರಶ್ನೆ: ಮೇಡಂ ನಾನು ಎಸ್ಸೆಸ್ಸೆಲ್ಸಿ. ಕೆಲವರು ಅಡ್ಡ ಹಾಕಿ ಹೊಡೆದು ಆಸ್ಪತ್ರೇಲಿದ್ದೆ, ಆಮೇಲೂ ಭಯಕ್ಕೆ ಸ್ಕೂಲಿಗೆ ಹೋಗಿಲ್ಲ. ಈಗ ಅಟೆಂಡೆನ್ಸ್ ಶಾರ್ಟೇಜ್, ಹಾಲ್ ಟಿಕೆಟ್ ಕೊಡಲ್ಲ ಅಂತಿದಾರೆ.
– ವಿದ್ಯಾರ್ಥಿ, ಬಂಗಾರಪೇಟೆ

ಉತ್ತರ: 75% ಹಾಜರಿ ಬೇಕು ಅನ್ನೋ ನಿಯಮ ಇರೋದು ನಿಜ ಕಂದ. ಆದ್ರೆ ನೀನು ಚಕ್ಕರ್ ಹೊಡೆದವನಲ್ಲ ಅಂತ ಪೇಪರ್ ತೋರಿಸಬೇಕು. ಆಸ್ಪತ್ರೆ ಡಿಸ್ಚಾರ್ಜ್ ಚೀಟಿ, ಪೊಲೀಸ್ ದೂರಿನ ಪ್ರತಿ ಎರಡನ್ನೂ ಇಟ್ಟು ಅಪ್ಪ ಅಮ್ಮನ ಕೈಲಿ ಎಚ್ಚೆಮ್ಮಿಗೆ ಅರ್ಜಿ ಕೊಡಿಸು, ಬಿಇಒಗೆ ಒಂದು ಪ್ರತಿ, ಇದೇ ವಾರ. ದೂರು ಕೊಟ್ಟಿಲ್ಲ ಅಂದ್ರೆ ಈಗ್ಲೂ ಕೊಡಬಹುದು. ಪರೀಕ್ಷೆಗೆ ರಿಜಿಸ್ಟ್ರೇಷನ್ ಮಾತ್ರ ತಪ್ಪಿಸ್ಕೋಬೇಡ, 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೀತಿವೆ. ನಾಳೆಯಿಂದಲೇ ಸ್ಕೂಲಿಗೆ ಹೋಗೋಕೆ ಶುರು ಮಾಡು, ಒಬ್ಬನೇ ಹೋಗೋಕೆ ಭಯ ಆದ್ರೆ ಸ್ವಲ್ಪ ದಿನ ಮನೆಯವರು ಯಾರಾದ್ರೂ ಗೇಟ್ ತನಕ ಬಿಟ್ಟು ಬರಲಿ. ಅರ್ಜಿಗೆ ಉತ್ತರ ಬರದೇ ಇದ್ರೆ ಮತ್ತೆ ನನಗೆ ಬರಿ.